ಬಾಲವಿರುವ ಕೋಟು

ನಮ್ಮ ಕಾಕಾ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ನನ್ನ ಮಾತಲ್ಲ, ಅವನದೇ ಮಾತು. ಅನುಮಾನವಿದ್ದರೆ ಬಸವಕಲ್ಯಾಣಕ್ಕೆ ಬಂದು ಯಾರನ್ನಾದರೂ ಕೇಳಿ. "ಅವನಾ? ಈಗರೆ ಬಸ್ ಸ್ಟ್ಯಾಂಡಿನ್ಯಾಗ ಕಂಡಿದ್ದ ನೋಡ್ರಿ" ಎನ್ನುತ್ತಾರೆ. ಇನ್ನೊಬ್ಬರನ್ನು ಕೇಳಿ. "ಕೋಟೆ ಗ್ವಾಡಿ ಹತ್ರ ನಿಂತಾನ್ರಿ, ಅಷ್ಟು ದೂರದಿಂದ ಕಂಡ" ಎನ್ನುತ್ತಾರೆ. ಯಾರಿಗೂ ಕಾಣದ ಒಬ್ಬ ಮನುಷ್ಯನನ್ನು ಇಷ್ಟೊಂದು ಜನ ಇಷ್ಟೊಂದು ದೂರದಿಂದ ಕಂಡಿರುವುದು ಬಹುಶಃ ನಮ್ಮ ತಾಲೂಕಿನಲ್ಲಿ ಮಾತ್ರ!

ಇದಕ್ಕೆಲ್ಲ ಕಾರಣ ಒಂದು ಮಿಲಿಟರಿ ಕೋಟು.

ಕಾಕಾ ನನ್ನ ಅಪ್ಪನ ತಮ್ಮ. ನಮಗೆ ಹೊಲವೂ ಇದೆ, ಕುರಿಯೂ ಇದೆ. ಹೊಲ ಅಪ್ಪನದು, ಕುರಿ ಕಾಕಾನದು, ಇಬ್ಬರನ್ನೂ ಬೈಯುವ ಹಕ್ಕು ಆಯಿಯದು. ಆಯಿ ಎಂದರೆ ನನ್ನ ಅಜ್ಜಿ. ಬಾಂಗ್ಲಾ ಯುದ್ಧ ಮುಗಿದು ಸ್ವಲ್ಪ ಕಾಲವಾಗಿತ್ತು. ಕಾಕಾನಿಗೆ ಕನ್ಯೆ ನೋಡುತ್ತಿದ್ದರು. ಓರಗೆಯವರೆಲ್ಲ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದಾಗ ಇವನ ಹೆಗಲ ಮೇಲೆ ಇನ್ನೂ ಕುರಿಮರಿಯೇ ಇತ್ತು. ಆಯಿಗೆ ಹಗಲೂ ರಾತ್ರಿ ಅದೇ ಚಿಂತೆ. ಮಂಠಾಳಕ್ಕೆ ಕನ್ಯೆ ನೋಡಲು ಹೋಗುವುದು ಗೊತ್ತಾದ ಕೂಡಲೇ ಅವಳು ಕಾಕಾನ ಕೈಗೆ ಒಂದು ಟಗರಿನ ಹಗ್ಗ ಕೊಟ್ಟು, "ಹುಮನಾಬಾದಿಗೆ ಹೋಗಿ ಇದನ್ನ ಮಾರು. ಒಂದು ಛಲೋ ಧೋತರ, ಒಂದು ಬಿಳಿ ಅಂಗಿ ತಗೊಂಡು ಬಾ. ಮನಿಷ್ಯಾನಂಗ ಕಾಣಬೇಕು ನೀ" ಎಂದು ಕಳಿಸಿದಳು.

ಸಂಜೆ ಕಾಕಾ ಬಂದ. ಟಗರು ಇರಲಿಲ್ಲ. ಧೋತರ, ಅಂಗಿ ಎರಡೂ ಇರಲಿಲ್ಲ. ಮೈಮೇಲೆ ಹಸಿರು, ಕಂದು, ಕೆಸರು ಬಣ್ಣಗಳನ್ನು ಯಾರೋ ಸಿಟ್ಟಿನಿಂದ ಎರಚಿದ ಹಾಗೆ ಕಾಣುವ ದಪ್ಪನೆಯ ಕೋಟು!

"ಟಗರೆಲ್ಲೋ?" ಎಂದಳು ಆಯಿ.

"ಇದೇ ಟಗರು" ಎಂದು ಕಾಕಾ ತೋಳು ಚಾಚಿ ತೋರಿಸಿದ. ಹಳೆ ಬಟ್ಟೆಯ ವ್ಯಾಪಾರಿಯೊಬ್ಬನ ಜೊತೆ ಬದಲಾಯಿಸಿಕೊಂಡಿದ್ದನಂತೆ.

ಆಯಿ ಅವನನ್ನು ಒಂದು ಸುತ್ತು ಹಾಕಿ ನೋಡಿದಳು. "ಟಗರು ಇದ್ರ ಹಿಂಡರ ಬೆಳೀತಿತ್ತು. ಈ ಕೋಟು ಹಿಂಡು ಬೆಳಸ್ತದೇನೋ ಭಾಡ್ಯಾ?"

"ಅವ್ವಾ, ಇದನ್ನ ಹಾಕೊಂಡವ ಯಾರಿಗೂ ಕಾಣಂಗಿಲ್ಲ!"

"ನನಗ ಕಾಣಾಕತ್ತೀಯಲ್ಲ?"

"ನೀ ವೈರಿ ಅಲ್ಲಲ್ಲ, ಅದಕ್ಕ."

ಆಯಿಯ ಮುಖ ನೋಡಿದರೆ ಆ ಹೊತ್ತಿಗೆ ಅದೂ ಖಾತ್ರಿ ಇರಲಿಲ್ಲ.

ಕೋಟಿನ ಇತಿಹಾಸವನ್ನು ಕಾಕಾ ವ್ಯಾಪಾರಿಯ ಬಾಯಿಂದ ಕೇಳಿಸಿಕೊಂಡು ಬಂದಿದ್ದ. ವಿಮಾನದಿಂದ ಛತ್ರಿ ಕಟ್ಟಿಕೊಂಡು ಕೆಳಗೆ ಜಿಗಿಯುವ ಸಿಪಾಯಿಗಳಿಗೆಂದೇ ಇಂಗ್ಲೆಂಡಿನಲ್ಲಿ ಈ ನಮೂನೆ ಹುಟ್ಟಿತಂತೆ. ಮೊದಮೊದಲು ಪೊರಕೆಯಷ್ಟು ದೊಡ್ಡ ಕುಂಚ ಹಿಡಿದು ಬಟ್ಟೆಗೆ ಕೈಯಿಂದಲೇ ಬಣ್ಣ ಬಳಿಯುತ್ತಿದ್ದರಂತೆ. ಆಮೇಲೆ ನಮ್ಮ ದೇಶದವರೂ ಅದೇ ನಮೂನೆಯಲ್ಲಿ ಹೊಲಿಸಿಕೊಂಡರಂತೆ. ಇಷ್ಟು ವ್ಯಾಪಾರಿಯದು. ಉಳಿದದ್ದು ಕಾಕಾನದು. ಮೊದಲ ವಾರ ಅದು ಒಬ್ಬ ಹವಾಲ್ದಾರನ ಕೋಟಾಗಿತ್ತು. ಚಹಾ ಹೋಟೆಲಿನ ಬೆಂಚಿನ ಮೇಲೆ ಸುಬೇದಾರನದಾಯಿತು. ಶ್ರಾವಣಕ್ಕೆ ಕ್ಯಾಪ್ಟನ್, ದಸರೆಗೆ ಕರ್ನಲ್! ಅದನ್ನು ತೊಟ್ಟ ಪುಣ್ಯಾತ್ಮನಿಗೆ ನೌಕರಿಯಲ್ಲಿ ಬಡ್ತಿ ಸಿಕ್ಕಿತ್ತೋ ಇಲ್ಲವೋ, ಕೋಟಿಗಂತೂ ತಪ್ಪದೆ ಸಿಗುತ್ತಿತ್ತು.

ಅದನ್ನು ಹಾಕಿಕೊಳ್ಳುವುದೇ ಒಂದು ಕಸರತ್ತು. ಮುಂದೆ ಎದೆಯವರೆಗೆ ಮಾತ್ರ ಜಿಪ್ಪು, ಹಾಗಾಗಿ ತಲೆಯ ಮೇಲಿಂದಲೇ ತೂರಿಸಿಕೊಳ್ಳಬೇಕು. ಒಳಗೆ ಸಿಕ್ಕಿಕೊಂಡು ಕಾಕಾ ಒದ್ದಾಡುತ್ತಿದ್ದರೆ ಚೀಲದಲ್ಲಿ ಬೆಕ್ಕು ಹಾಕಿದ ಹಾಗೆ ಕಾಣುತ್ತಿತ್ತು. ಮುಂಗೈಗೆ ಗಾಳಿ ನುಗ್ಗದಂತೆ ಉಣ್ಣೆಯ ಪಟ್ಟಿ. ಹೊರಗೆ ನಾಲ್ಕು ದೊಡ್ಡ ಕಿಸೆ, ಒತ್ತಿದರೆ 'ಟಿಚ್' ಎನ್ನುವ ಗುಂಡಿಗಳು. ಸಿಪಾಯಿಗಳು ಅದರಲ್ಲಿ ಗುಂಡು, ನಕಾಶೆ ಇಟ್ಟುಕೊಳ್ಳುತ್ತಿದ್ದರಂತೆ. ಕಾಕಾನ ಕಿಸೆಗಳಲ್ಲಿ ತಂಬಾಕು, ಸುಣ್ಣದ ಡಬ್ಬಿ, ಉಳ್ಳಾಗಡ್ಡಿ, ಜೋಳದ ರೊಟ್ಟಿ. ಯುದ್ಧವೇನಾದರೂ ಆಗಿದ್ದರೆ ನಮ್ಮ ಕಾಕಾ ವೈರಿಗೆ ಊಟ ಹಾಕಿ ಕಳಿಸುತ್ತಿದ್ದ.

ಇನ್ನು ಕಾಣದಿರುವ ವಿಷಯ. ಕೋಟು ಮಾಡಿದ್ದು ಕಾಡಿಗೆ. ನಮ್ಮ ಕಡೆ ಕಾಡು ಎಲ್ಲಿದೆ ಹೇಳಿ? ಕಪ್ಪು ಎರೆಮಣ್ಣು, ಕೆಂಪು ಕಲ್ಲು, ಬೇಸಿಗೆಯಲ್ಲಿ ಒಣಗಿದ ಹಳದಿ ಹುಲ್ಲು. ಅದರ ನಡುವೆ ಹಸಿರು ಕೋಟಿನ ಕಾಕಾ, ಮೊಸರನ್ನದ ನಡುವೆ ಮೆಣಸಿನಕಾಯಿ ಇಟ್ಟ ಹಾಗೆ! ಆ ಕೋಟು ಖರೇ ಖರೇ ಕೆಲಸ ಮಾಡಿದ್ದು ಒಂದೇ ಸಲ. ಕಾಕಾ ಬದುವಿನ ಮೇಲೆ ಮಲಗಿ ನಿದ್ದೆ ಹೋಗಿದ್ದಾಗ ನಮ್ಮದೇ ಆಡೊಂದು ಬಂದು, ಇದು ಗಿಡವೇ ಸೈ ಎಂದು ನಂಬಿ ತೋಳಿನ ಉಣ್ಣೆಪಟ್ಟಿ ಮೇಯ್ದುಬಿಟ್ಟಿತು. ಕಾಕಾನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ನೋಡಿದ್ರ್ಯಾ? ಆಡಿಗೂ ಗೊತ್ತಾಗಲಿಲ್ಲ!" ಎಂದು ವಾರವಿಡೀ ಹರಿದ ತೋಳನ್ನು ಊರಿಗೆಲ್ಲ ತೋರಿಸಿಕೊಂಡು ತಿರುಗಿದ.

ಆದರೆ ಕನ್ಯೆಯ ತಂದೆಯರು ಆಡುಗಳಲ್ಲವಲ್ಲ!

ಮಂಠಾಳಕ್ಕೆ ಆ ಕೋಟಿನಲ್ಲೇ ಹೋದ. ಬೇರೆ ಅಂಗಿ ಇದ್ದರೆ ತಾನೇ? ಹುಡುಗಿಯ ತಂದೆ ಬಾಗಿಲಲ್ಲಿ ನಿಂತು ನಮ್ಮೆಲ್ಲರನ್ನೂ ನೋಡಿ, "ಹುಡುಗ ಎಲ್ಲ್ಯದಾನ್ರಿ?" ಎಂದ. ಅಪ್ಪ ತಲೆ ತಗ್ಗಿಸಿಕೊಂಡು ಬೆರಳು ತೋರಿಸಿದ. ಆ ಮನುಷ್ಯ ಬಹಳ ಹೊತ್ತು ನೋಡಿ, ಬಹಳ ನಯವಾಗಿ ಹೇಳಿದ: "ನಾವು ವರ ಕೇಳಿದ್ವಿರಿ. ಬನ್ನಿ ಗಿಡ ಕೇಳಿದ್ದಿಲ್ಲ."

ಅಲ್ಲಿಗೆ ಅದು ಮುಗಿಯಿತು. ಆಯಿ ಆಮೇಲೆ ಬಿಳಿ ಅಂಗಿಯನ್ನೂ ತರಿಸಿದಳು. ಆದರೂ ಹುಮನಾಬಾದಿನ ಕನ್ಯೆಯ ಮನೆಗೆ ಕಾಕಾ ಕೋಟು ಹಾಕಿಕೊಂಡೇ ಬಂದ. ಅಲ್ಲಿ ಹುಡುಗಿಯ ಅಜ್ಜಿ ಸರಕಾರದವರು ಕಾಳಿನ ತಪಾಸಣೆಗೆ ಬಂದಿದ್ದಾರೆಂದು ತಿಳಿದು, ಇದ್ದ ಬದ್ದ ತೊಗರಿಚೀಲದ ಮೇಲೆ ಕೌದಿ ಹಾಸಿ, ಅದರ ಮೇಲೆ ತಾನೇ ಮಲಗಿ ನರಳತೊಡಗಿದಳು. ನಾವು ಕನ್ಯೆ ನೋಡುವುದನ್ನು ಬಿಟ್ಟು ಮುದುಕಿಯ ಆರೋಗ್ಯ ವಿಚಾರಿಸಿಕೊಂಡು ಬಂದೆವು.

ಕೋಟಿಗೆ ಹಿಂದೆ ಒಂದು ಬಾಲ ಇತ್ತೆಂದು ಹೇಳಲಿಲ್ಲ, ಅಲ್ಲವೇ? ಹೇಳಿದರೆ ನಾನು ಕಥೆ ಕಟ್ಟುತ್ತಿದ್ದೇನೆ ಎನ್ನುತ್ತೀರಿ. ಆದರೆ ಇತ್ತು! ಹಿಂಬದಿಯ ಅಂಚಿನಿಂದ ಅಗಲವಾದ ಒಂದು ಪಟ್ಟಿ ಜೋತಾಡುತ್ತಿತ್ತು, ತುದಿಯಲ್ಲಿ ಟಿಚ್ ಗುಂಡಿಗಳು. ಕಾಕಾ ನಡೆದರೆ ಅದೂ ಹಿಂದೆ ಹಿಂದೆ ಅಲ್ಲಾಡುತ್ತಾ ಬರುತ್ತಿತ್ತು. ಅದು ಯಾತಕ್ಕೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೊಣ ಓಡಿಸಲಿಕ್ಕೆ ಎಂದು ಒಬ್ಬರು. ಕೂರುವಾಗ ಹಾಸಿಕೊಳ್ಳಲಿಕ್ಕೆ ಎಂದು ಇನ್ನೊಬ್ಬರು. ಛತ್ರಿ ಬಿಚ್ಚದಿದ್ದರೆ ಮರಕ್ಕೆ ಸಿಕ್ಕಿಸಿಕೊಳ್ಳಲಿಕ್ಕೆ ಎಂದು ಅಪ್ಪ. ದರ್ಜಿಯೊಬ್ಬ ಕತ್ತರಿ ತೆಗೆದುಕೊಂಡು, "ಹೆಚ್ಚಿನ ಬಟ್ಟಿ ಅದ, ಕತ್ತರಸ್ತೀನಿ ತಡಿ" ಎಂದಾಗ ಕಾಕಾ ಕೆಂಡವಾದ. "ಸರಕಾರ ಸುಮ್ಮ ಸುಮ್ಮನ ಬಾಲ ಇಡತದೇನು?"

ಒಂದು ಮುಂಜಾನೆ ಕಾಕಾ ಅಂಗಳದಲ್ಲಿ ಬಗ್ಗಿ ಕುರಿಯ ಕಾಲು ನೋಡುತ್ತಿದ್ದ. ಆಯಿ ಹಿಂದೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕಣ್ಣೆದುರಿಗೇ ಆ ಬಾಲ. ಆಯಿ ಅದನ್ನೇ ನೋಡಿದಳು, ನೋಡಿದಳು, ಆಮೇಲೆ ಮೊರ ಪಕ್ಕಕ್ಕಿಟ್ಟು ಕೂಗಿದಳು: "ಲೇ ಹುಚ್ಚಪ್ಪಾ! ಅದು ಕಚ್ಚಿ ಅಲ್ಲೇನೋ!"

ಆಯಿ ಉಡುವುದು ಕಚ್ಚೆ ಸೀರೆ. ಹುಟ್ಟಿದಾಗಿನಿಂದ ಸೆರಗು, ನಿರಿಗೆ, ಕಚ್ಚೆ ಕಂಡವಳಿಗೆ ಸಂಶಯ ಬರಲು ಇಷ್ಟು ದಿನ ಬೇಕಾಯಿತಲ್ಲ ಎಂಬುದೇ ಆಶ್ಚರ್ಯ! ಎದ್ದು ಬಂದವಳೇ ಬಾಲವನ್ನು ಕಾಲ ಸಂದಿಯಿಂದ ಮುಂದಕ್ಕೆಳೆದು ಹೊಟ್ಟೆಯ ಕೆಳಗೆ ಒತ್ತಿದಳು. ಟಿಚ್, ಟಿಚ್! ಗುಂಡಿಗಳು ಹೇಳಿ ಮಾಡಿಸಿದಂತೆ ಕೂತವು. "ಮ್ಯಾಲಿಂದ ಜಿಗೀತಾರ ಅಂದಿ. ಜಿಗಿಯಾಗ ಕೋಟು ಹಾರಿ ಮಾರೀಮ್ಯಾಲ ಬರಬಾರದಲ್ಲ? ಕಚ್ಚಿ ಹಾಕ್ಯಾರ. ಇಷ್ಟು ತಿಳೀಲಿಲ್ಲ ನಿಮಗ?"

ಅಂದಿನಿಂದ ಕಾಕಾ ಧೋತರದ ಕಚ್ಚೆಯ ಮೇಲೆ ಕೋಟಿನ ಕಚ್ಚೆ ಬಿಗಿದುಕೊಂಡೇ ಹೊರಬೀಳುತ್ತಿದ್ದ. ಎಷ್ಟು ಬಿಗಿ ಎಂದರೆ ಒಂದು ದಿನ ಬಸ್ಸಿನಲ್ಲಿ ಕೂರಲಾಗದೆ ಹುಮನಾಬಾದಿನವರೆಗೂ ನಿಂತೇ ಹೋದ. ಹೋಗಿದ್ದು ಒಳ್ಳೆಯದೇ ಆಯಿತು. ಅಲ್ಲಿ ಹೆದ್ದಾರಿಯ ಪಕ್ಕ ಮಿಲಿಟರಿ ಲಾರಿಗಳು ಸಾಲಾಗಿ ನಿಂತಿದ್ದವು, ಜವಾನರು ಚಹಾ ಕುಡಿಯುತ್ತಿದ್ದರು. ಮೀಸೆ ಬೆಳ್ಳಗಾದ ಒಬ್ಬ ಹವಾಲ್ದಾರ ಕಾಕಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕೋಟು ನೋಡಿ ನಗು ಬಂತು, ಆದರೆ ಬಾಲದ ಹತ್ತಿರ ಬಂದಾಗ ನಗು ನಿಂತಿತು. ಇದನ್ನು ಹೀಗೆ ಕಟ್ಟಬೇಕೆಂದು ಯಾರು ಕಲಿಸಿದರು ಎಂದು ಹಿಂದಿಯಲ್ಲಿ ಕೇಳಿದ.

"ಹಮಾರಿ ಮಾ" ಎಂದ ಕಾಕಾ.

ಹವಾಲ್ದಾರ ಚಹಾದ ಗ್ಲಾಸು ಕೆಳಗಿಟ್ಟು ಬಹಳ ಗಂಭೀರವಾಗಿ ಕೇಳಿದ: "ಕೌನ್ಸಿ ಪಲ್ಟನ್?" ಆಯಿ ಯಾವ ದಂಡಿನವಳು ಎಂದು!

ಈ ಸುದ್ದಿ ಆಯಿಯ ಕಿವಿಗೆ ಬಿತ್ತು. ಅವತ್ತು ಸಂಜೆ ನೆರೆಮನೆಯವಳು ಬಂದು ಕೋಟಿನ ಬಗ್ಗೆ ಚೇಷ್ಟೆ ಮಾಡಿದಾಗ, "ಏ, ಅದರಾಗ ಭಾಳ ಹಿಕಮತ್ ಅದ, ನಿನಗೇನ ತಿಳೀತದ" ಎಂದು ಬಾಯಿ ಮುಚ್ಚಿಸಿದಳು.

ಹಾಗೆಂದು ಕನ್ಯೆಯ ಚಿಂತೆ ಬಿಟ್ಟಿತೇ? ಕೊಡಂಬಲದಿಂದ ಒಂದು ಸಂಬಂಧ ಬಂತು. ತಂದವನು ದೂರದ ನೆಂಟ. "ಹುಡುಗಿ ಬಂಗಾರದಂಥಾಕಿ. ಒಂದು ಕೊರತಿ ಇಲ್ಲ" ಎಂದು ಎದೆ ತಟ್ಟಿ ಹೇಳಿದ. ಆಯಿ ಹಿಂದಿನ ದಿನವೇ ಕೋಟನ್ನು ಜೋಳದ ಕಣಜದೊಳಗೆ ಹುಗಿದಳು. ಮರುದಿನ ಹೊರಡುವಾಗ ನೋಡಿದರೆ ಕಾಕಾನ ಮೈಮೇಲೆ ಕೋಟು! ನಾಲ್ಕೂ ಕಿಸೆಯಿಂದ ಜೋಳ ಸುರಿಯುತ್ತಿತ್ತು, ನಮ್ಮ ಕೋಳಿಗಳು ಅವನ ಹಿಂದೆ ಮೆರವಣಿಗೆ ಹೊರಟಿದ್ದವು.

ಆಯಿ ಈ ಸಲ ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟಳು. "ಇವತ್ತೊಂದು ದಿನ ಬಿಚ್ಚಿಡೋ ನನ್ನಪ್ಪಾ. ನಾ ಕಣ್ಣು ಮುಚ್ಚೋದ್ರಾಗ ನಿನಗೊಂದು ಜೋಡಿ ಆಗಲಿ ಅಂತೀನಿ. ಮದಿವ್ಯಾದ ಮ್ಯಾಲ ಬೇಕಾದ್ದು ಹಾಕೋ, ಯಾರು ಬ್ಯಾಡ ಅಂತಾರ?"

ಕಾಕಾ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಅವ್ವಾ, ಇವತ್ತು ಬಿಳಿ ಅಂಗ್ಯಾಗ ಹೋಗಿ, ನಾಳಿ ಆಕಿ ಮನಿಗೆ ಬಂದ ಮ್ಯಾಲ ಇದನ್ನ ಹಾಕೊಂಡ್ರ ಆಕಿ ಏನಂತಾಳ? ಮೋಸ ಮಾಡ್ಯಾರ ಅಂತಾಳ. ನಾ ಹ್ಯಾಂಗ ಅದೀನಿ ಹಂಗ ನೋಡ್ಲಿ. ಬ್ಯಾಡಂದ್ರ ಬ್ಯಾಡಂತಾಳ, ಅಷ್ಟ."

ಮೈ ಮರೆಮಾಡಲಿಕ್ಕೆಂದು ಮಾಡಿದ ಕೋಟನ್ನು ಏನನ್ನೂ ಮರೆಮಾಚಬಾರದೆಂದು ಹಾಕಿಕೊಳ್ಳುವ ಮನುಷ್ಯನಿಗೆ ಏನು ಹೇಳುತ್ತೀರಿ? ನಾವು ಬಸ್ಸು ಹತ್ತಿದೆವು.

ಕೊಡಂಬಲದ ಮನೆಯಲ್ಲಿ ಚಾಪೆ ಹಾಸಿದ್ದರು. ಅಪ್ಪ, ಆಯಿ, ನಾನು, ನಡುವೆ ಗಿಡದಂತೆ ಕಾಕಾ. ಹುಡುಗಿಯ ತಂದೆ ಕೋಟನ್ನು ನೋಡಿದ, ಚಾವಣಿ ನೋಡಿದ, ಮತ್ತೆ ಕೋಟು ನೋಡಿದ.

"ಮಿಲ್ಟ್ರ್ಯಾಗ ಅದೀರೇನ್ರಿ?"

"ಇಲ್ರಿ. ಕುರಿ ಕಾಯ್ತೀನಿ."

"ಮತ್ತ ಈ ಕೋಟು?"

"ಕುರಿಗೋಳಿಗೆ ನಾ ಎಲ್ಲಿ ಅದೀನಿ ತಿಳೀಬಾರದ್ರಿ. ತಿಳಿದ್ರ ಮಂದಿ ಹೊಲಕ್ಕ ನುಗ್ಗತಾವ."

ಅಷ್ಟರಲ್ಲಿ ಹುಡುಗಿ ಚಹಾ ತಂದಳು. ಒಳಗೆ ಬೆವರು ಸುರಿಯುವ ಧಗೆ, ಅವಳ ಕುಪ್ಪಸದ ತೋಳು ಮಾತ್ರ ಬೆರಳಿನ ಬುಡದವರೆಗೆ ಇತ್ತು. ಜೊತೆಗೆ ಬಂದ ಚಿಗವ್ವ ಆ ತೋಳನ್ನು ಕೆಳಗೆ ಕೆಳಗೆ ಎಳೆಯುತ್ತಲೇ ಇದ್ದಳು. ಹುಡುಗಿ ತಲೆ ತಗ್ಗಿಸಿಕೊಂಡೇ ಬಂದವಳು ಕಾಕಾನ ಮುಂದೆ ನಿಂತು ಕಣ್ಣೆತ್ತಿದಳು. ಕೋಟು ಕಂಡಿತು. ಕುರಿಗಳ ಮಾತು ಬಾಗಿಲಾಚೆಯಿಂದ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ, ತಡೆಯಲಾಗದೆ ಕಿಸಕ್ಕನೆ ನಕ್ಕಳು. ಕೈ ಅಲುಗಿತು. ಬಿಸಿ ಚಹಾ ತೋಳಿನ ಮೇಲೆ ಚೆಲ್ಲಿತು. "ಅವ್ವಾ!" ಎಂದು ತೋಳನ್ನು ಮೇಲಕ್ಕೆಳೆದುಕೊಂಡಳು.

ಮುಂಗೈಯಿಂದ ಮೊಳಕೈವರೆಗೆ ಬಿಳಿ ಮಚ್ಚೆಗಳು. ಕಂದು ಚರ್ಮದ ನಡುವೆ ಅಲ್ಲಲ್ಲಿ ಹಾಲು ಚೆಲ್ಲಿದ ಹಾಗೆ.

ಸಂಬಂಧ ತಂದಿದ್ದ ನೆಂಟ ಮೂಲೆಯಲ್ಲಿ ಕೂತಿದ್ದವನು, "ಸಣ್ಣಾಕಿ ಇದ್ದಾಗ ಸುಟ್ಟಿದ್ದು, ಮತ್ತೇನಲ್ಲ" ಎಂದು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ. ಚಿಗವ್ವ ಸೆರಗಿನಿಂದ ಮುಚ್ಚಲು ಬಂದಳು. ತಂದೆಯ ಮುಖ ಬಿಳುಚಿಕೊಂಡಿತು.

"ಸುಟ್ಟಿತೇನ್ರಿ?" ಎಂದ ಕಾಕಾ ಹುಡುಗಿಗೆ. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ ದನಿ ಎತ್ತಿದ: "ಏನು ನೋಡ್ಕೋತ ನಿಂತೀರಿ? ಮದಲ ತಣ್ಣೀರು ತರ್ರಿ ಯಾರರ!"

ನೀರು ಬಂತು. ಹುಡುಗಿ ಕೈ ಅದ್ದಿದಳು. ತಂದೆ ಕೈ ಮುಗಿದು, "ಮುಚ್ಚಿಟ್ಟಿದ್ದು ತಪ್ಪಾತ್ರಿ. ಹೇಳಿದ್ರ ಯಾರೂ ಮನಿತನಕನೂ ಬರಂಗಿಲ್ಲ" ಎಂದ.

"ನಂದೂ ಅದೇ ಗತಿ ಅದ್ರಿ, ಮಾವಾರ" ಎಂದ ಕಾಕಾ. ಮಾವಾರ! ಆಯಿ ಬೆಚ್ಚಿ ಅವನನ್ನು ನೋಡಿದಳು. ಅವನು ಹುಡುಗಿಯನ್ನೇ ನೋಡುತ್ತಿದ್ದ. "ನಿಮ್ಮನ್ನ ಯಾರೂ ಕೇಳಿಲ್ಲ. ನಾ ಕೇಳತೀನಿ. ನಿಮಗ ಒಪ್ಪಿಗಿ ಅದ ಏನ್ರಿ?"

ನಮ್ಮಲ್ಲಿ ಹುಡುಗಿಯನ್ನು ಹೀಗೆಲ್ಲ ಕೇಳುವ ಪದ್ಧತಿಯಿಲ್ಲ. ಅವಳು ನೀರಿನೊಳಗಿನ ಕೈ ತೆಗೆಯದೆ ಕೋಟನ್ನು ಇನ್ನೊಮ್ಮೆ ನೋಡಿದಳು.

"ಇದನ್ನ ದಿನಾ ಹಾಕೋತೀರೇನ್ರಿ?"

"ದಿನಾ."

"ಒಗೆಯೋರ್‍ಯಾರು?"

"ನಾನೇ."

"ಹಂಗಾದ್ರ ಆತ್ರಿ."

ಬಸ್ಸಿನಲ್ಲಿ ಅಪ್ಪ ಮೆಲ್ಲಗೆ, "ಅವ್ವಾ, ಊರು ಮಂದಿ ಏನಂತಾರೋ" ಎಂದ. ಆಯಿ ಕಿಟಕಿಯಾಚೆ ನೋಡುತ್ತಾ ಹೇಳಿದಳು: "ಈ ಕೋಟು ಕಂಡು ಓಡಿಹೋಗದ ಹುಡುಗಿ ಇನ್ನೊಬ್ಬಾಕಿ ಸಿಗತಾಳೇನು? ಸುಮ್ನ ಕೂಡು."

ಮದುವೆಯಾಯಿತು. ಆಮೇಲೆ ನಡೆದದ್ದು ಕೇಳಿದರೆ ನೀವು ನಂಬುವುದಿಲ್ಲ. ಕಾಕಾ ಕೋಟು ಬಿಚ್ಚಿಟ್ಟ! ಯಾರೂ ಹೇಳಲಿಲ್ಲ, ಈಗ ನನ್ನ ಕಾಕಿಯಾದ ಆ ಹುಡುಗಿಯೂ ಹೇಳಲಿಲ್ಲ. ತಾನೇ ಒಗೆದು, ಒಣಗಿಸಿ, ಗೂಟಕ್ಕೆ ನೇತುಹಾಕಿ, ಬಿಳಿ ಅಂಗಿ ಹಾಕಿಕೊಂಡು ಕುರಿ ಬಿಟ್ಟುಕೊಂಡು ಹೋದ. ನಮ್ಮ ಕುರಿಗಳಿಗೇ ಅವನ ಗುರುತು ಹತ್ತದೆ ಮೊದಲ ದಿನ ಬೆದರಿ ಓಡಿದವು. ಕಾಕಿಯ ಕಾಲ್ಗುಣ ಎಂದು ಆಯಿ ದೃಷ್ಟಿ ತೆಗೆದಳು. ಕಾಕಿ ಮನೆಯಲ್ಲಿ ತೋಳು ಮಡಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು, ನಾನು ಕಟ್ಟಿ ಹೇಳುವ ಸುಳ್ಳುಗಳಿಗೆಲ್ಲ ಮನಸಾರೆ ನಗುತ್ತಿದ್ದಳು.

ಹೊರಗೆ ಹೋಗುವಾಗ ಮಾತ್ರ ತೋಳು ಮತ್ತೆ ಬೆರಳಿನವರೆಗೆ ಇಳಿಯುತ್ತಿತ್ತು. ಒಂದು ಸಲ ಹುಮನಾಬಾದಿನ ಸಂತೆಯಲ್ಲಿ ಬದನೆಕಾಯಿ ಆರಿಸಲು ಕೈ ಚಾಚಿದಾಗ ತೋಳು ಸರಿಯಿತು. ಮಾರುವವಳು ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡು, "ಮುಟ್ಟಬ್ಯಾಡವ್ವಾ, ನಾನೇ ಹಾಕತೀನಿ" ಎಂದಳು. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಕಾಕಿ ತೋಳು ಕೆಳಗೆಳೆದುಕೊಂಡು ಮನೆಗೆ ಬಂದಳು. ಆಮೇಲೆ ಸಂತೆಗೆ ಕರೆದಾಗಲೆಲ್ಲ ಅವಳಿಗೆ ತಲೆನೋವು.

ಮುಂದೊಂದು ಸಂತೆಯ ದಿನ ಕಾಕಾ ಗೂಟದಿಂದ ಕೋಟು ಇಳಿಸಿದ. ನಡು ಬೇಸಿಗೆ, ಕಲ್ಲು ಕಾದು ಸಿಡಿಯುವ ಬಿಸಿಲು! ಆಯಿ ಹಣೆ ಹಣೆ ಬಡಿದುಕೊಂಡಳು: "ಮತ್ತ ಸುರು ಆತಲ್ಲೋ!" ಕಾಕಾ ಕಿವಿಗೆ ಹಾಕಿಕೊಳ್ಳಲಿಲ್ಲ. ಜಿಪ್ಪು ಏರಿಸಿ, ಕಚ್ಚೆ ಬಿಗಿದು, "ನಡಿ" ಎಂದು ಕಾಕಿಯನ್ನು ಎಬ್ಬಿಸಿದ. ನಗಲಿಕ್ಕೊಂದು ಹೊಸ ಕಥೆ ಸಿಗುತ್ತದೆಂದು ನಾನೂ ಹಿಂದೆ ಹೋದೆ.

ಸಂತೆಯಲ್ಲಿ ಕಾಕಾ ಕಾಯಿಪಲ್ಲೆ ಸಾಲಿನ ಎದುರಿಗೆ, ನೆತ್ತಿಯ ಮೇಲಿನ ಬಿಸಿಲಿಗೆ ಮೈ ಕೊಟ್ಟು ನಟ್ಟ ನಡುವೆ ನಿಂತ. ಜನ ನೋಡಿದರು. ಬುಟ್ಟಿ ಹೊತ್ತವರು ನಿಂತು ನೋಡಿದರು, ಗಾಡಿಯವರು ಎತ್ತು ನಿಲ್ಲಿಸಿ ನೋಡಿದರು. "ಏ ಕರ್ನಲ್, ವೈರಿ ಎಲ್ಲಿ ತನಕ ಬಂದಾರೋ?" ಎಂದು ಯಾರೋ ಕೂಗಿದರು. ಕಾಕಾ ಅವರಿಗೊಂದು ಸಲಾಮು ಹೊಡೆದ. ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು.

ನನಗೆ ನಾಚಿಕೆಯಾಗಿ ಅವನ ತೋಳು ಎಳೆದೆ. "ಕಾಕಾ, ಸಾಕು ನಡಿ. ಎಲ್ಲಾರೂ ನಿನ್ನೇ ನೋಡಾಕತ್ತಾರ."

"ನೋಡ್ಲಿ ಬಿಡು ಪೋರಿ" ಎಂದ ಅವನು, ತುಟಿ ಅಲುಗಿಸದೆ. "ಆಕಿದು ಮುಗೀಲಿ."

ನಾನು ಹಿಂದೆ ತಿರುಗಿದೆ. ಯಾರೂ ನೋಡದ ಆ ಕಡೆ, ಕಾಕಿ ತೋಳನ್ನು ಮೊಳಕೈವರೆಗೆ ಮೇಲೇರಿಸಿಕೊಂಡು, ಒಂದೊಂದೇ ಬದನೆಕಾಯಿಯನ್ನು ಕೈಯಲ್ಲಿ ಹಿಡಿದು, ಹುಳುಕು ಇದೆಯೋ ಇಲ್ಲವೋ ಎಂದು ತಿರುಗಿಸಿ ನೋಡುತ್ತಿದ್ದಳು, ಅವಸರವಿಲ್ಲದೆ.